ಫ್ಯಾಂಟಮ್ಮನ ಚಡ್ಡಿ ಇನ್ನೂ ಒಣಗಿಲ್ಲ

ನವರಾತ್ರಿಗೆ ತಿಪಟೂರಿಗೆ ಹೋಗಿದ್ದೆ. ಚಪ್ಪಲಿ ಬಿಡೋಕೂ ಪುರುಸೊತ್ತಿಲ್ಲದ ಹಾಗೆ "ಗೊಂಬೆ ಟ್ರಂಕು ಕೆಳಗಿಳಿಸು" ಅಂದರು ಅಮ್ಮ. ಅಟ್ಟದಿಂದ ಇಳಿಸಿ, ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಪೊಟ್ಟಣ ಬಿಚ್ಚತೊಡಗಿದ್ವಿ. ಪಟ್ಟದ ರಾಜ, ರಾಣಿ, ಅಂಗಡಿ ಇಟ್ಟುಕೊಂಡ ಶೆಟ್ಟಿ ದಂಪತಿ, ಮಣ್ಣಿನ ದಶಾವತಾರ (ಕಲ್ಕಿಯ ಕುದುರೆಗೆ ಮೂರೇ ಕಾಲು, ಅದು ನನ್ನ ಕೃಪೆ). ಕೊನೆಗೆ ಟ್ರಂಕಿನ ಮೂಲೆಯಲ್ಲಿ ಒಂದು ಸಣ್ಣ ಪೊಟ್ಟಣ. ಬಿಚ್ಚಿದರೆ ಆರಿಂಚಿನ ಫ್ಯಾಂಟಮ್. ಮುಖದಿಂದ, ಕಾಲಿನಿಂದ ಪೇಪರು ಸಲೀಸಾಗಿ ಬಂತು. ಸೊಂಟದ ಹತ್ತಿರ ಮಾತ್ರ ಬಿಡಲಿಲ್ಲ. ಚಡ್ಡಿಗೆ ಅಂಟಿಕೊಂಡುಬಿಟ್ಟಿತ್ತು.

"ಇನ್ನೂ ಒಣಗಿಲ್ವೇನೋ ಇದು?" ಅಂದರು ಅಮ್ಮ.

ಆ ಬಣ್ಣ ಹಚ್ಚಿ ಹದಿನೈದು ವರ್ಷದ ಮೇಲಾಯ್ತು. ಒಣಗಿಲ್ಲ. ಒಣಗೋದೂ ಇಲ್ಲ. ಯಾಕೆ ಅಂತ ನನಗೆ ಗೊತ್ತು. ಹಚ್ಚೋವಾಗಲೇ ಗೊತ್ತಿತ್ತು. ಆದರೂ ಸುಮ್ಮನಿದ್ದೆ...

ಈ ಕಥೆ ಇಲ್ಲಿ ಬರೀಬೇಕು ಅಂತ ಎಷ್ಟೋ ಸಲ ಅಂದ್ಕೊಂಡಿದ್ದೇನೆ. ಕೂತಾಗೆಲ್ಲ ನಾಚಿಕೆ. ನಲವತ್ತು ದಾಟಿದ ಗಂಡಸು ಸೂಪರ್‌ಹೀರೋ ಗೊಂಬೆಗಳ ಬಗ್ಗೆ ಬರೆದರೆ ಓದಿದವರು ಏನಂದುಕೊಂಡಾರು ಅಂತ. ಆದರೆ ನೀವೆಲ್ಲ ಅಂಚೆಚೀಟಿ, ಬೆಂಕಿಪೊಟ್ಟಣದ ಲೇಬಲ್ಲು, ಹಳೇ ಬಸ್ ಟಿಕೆಟ್ಟು ಕೂಡಿಟ್ಟಿದ್ದನ್ನೆಲ್ಲ ಧೈರ್ಯವಾಗಿ ಬರೆದುಕೊಂಡಿದ್ದೀರಿ. ಹಾಗಾಗಿ ನನ್ನದೂ ಒಂದಿರಲಿ :)

ಮೊದಲು ಹೆಸರಿನ ತಕರಾರು ಮುಗಿಸಿಬಿಡೋಣ. ಇವನ್ನು ಆಕ್ಷನ್ ಫಿಗರ್ ಅಂತಾರೆ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಅನ್ನೋ ಹನ್ನೆರಡು ಇಂಚಿನ ಸಿಪಾಯಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಗೊಂಬೆ ಅಂದರೆ ಗಂಡುಹುಡುಗರು ಮುಟ್ಟಲ್ಲ, ಅಪ್ಪಂದಿರು ಕೊಡಿಸಲ್ಲ ಅನ್ನೋ ಭಯ ಅವರಿಗೆ. ಅದಕ್ಕೇ ಈ ಹೊಸ ಹೆಸರು. ಇದು ಎಲ್ಲಿಗೆ ಹೋಯ್ತು ಅಂದರೆ, 2003ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದಲ್ಲಿ ಒಂದು ತೀರ್ಪೇ ಬಂತು. ಆಗ ಆಮದು ಸುಂಕ ಗೊಂಬೆಗೆ ಶೇ. 12, ಆಟಿಕೆಗೆ ಶೇ. 6.8. ಮನುಷ್ಯರನ್ನು ಹೋಲಿದರೆ ಗೊಂಬೆ, ಮನುಷ್ಯರಲ್ಲದ ಜೀವಿಯಾದರೆ ಆಟಿಕೆ. ಎಕ್ಸ್-ಮೆನ್ ಪಾತ್ರಗಳನ್ನು ತರಿಸುತ್ತಿದ್ದ ಟಾಯ್ ಬಿಜ್ ಕಂಪನಿ "ಇವರು ಮನುಷ್ಯರಲ್ಲ ಸ್ವಾಮೀ" ಅಂತ ವಾದಿಸಿ ಗೆದ್ದಿತು. ಆ ಕಾಮಿಕ್ಸಿನಲ್ಲಿ ಪಾಪ ಎಕ್ಸ್-ಮೆನ್‌ಗಳು ದಶಕಗಳಿಂದ "ನಾವೂ ಮನುಷ್ಯರೇ ಕಣ್ರಪ್ಪಾ" ಅಂತ ಬಡಕೊಳ್ತಾ ಇದ್ದರು!

ಅಮ್ಮನ ಹತ್ತಿರ ಈ ಕೇಸು ಬಂದಿದ್ದರೆ ಒಂದು ನಿಮಿಷದಲ್ಲಿ ಮುಗೀತಿತ್ತು. ಕೈಕಾಲು ಇದೆಯಾ? ಮುಖ ಇದೆಯಾ? ಗೊಂಬೆ. ಮೆಟ್ಟಿಲ ಮೇಲೆ ಇಡು.

ನನ್ನ ಮೊದಲ ಗೊಂಬೆ ಬಂದಿದ್ದು 1991ರಲ್ಲಿ. ನನಗಾಗ ಹತ್ತು ವರ್ಷ. ಮಾವ ಬೆಂಗಳೂರಿನಿಂದ ಫನ್‌ಸ್ಕೂಲ್‌ನವರ ಜಿ.ಐ. ಜೋ ತಂದುಕೊಟ್ಟರು. 1982ರ ನಂತರದ ಜೋಗಳು ಮುಕ್ಕಾಲು ಗೇಣೂ ಇರಲಿಲ್ಲ, ಮೂರೂಮುಕ್ಕಾಲು ಇಂಚು ಅಷ್ಟೆ. ನನ್ನವನು ಹಸಿರು ಮುಸುಕಿನ ಸಿಪಾಯಿ. ನನಗೆ ಸಿಪಾಯಿ ಬೇಕಿರಲಿಲ್ಲ, ಹಾರಾಡೋನು ಬೇಕಿತ್ತು. ಅಮ್ಮನ ಬ್ಲೌಸ್ ಪೀಸಿನ ಕೆಂಪು ಚೂರು ಕುತ್ತಿಗೆಗೆ ಕಟ್ಟಿದೆ. ಹಾರಿದ! ಈಗ ಯೋಚಿಸಿದರೆ ನಾನು ಮಾಡಿದ ಮೊದಲ ಕಸ್ಟಮ್ ಅದೇ. ಕಂಪನಿ ಕೊಟ್ಟಿದ್ದನ್ನು ನನಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳೋದು.

ಒಂದು ತಿಂಗಳಿಗೆ ಅವನು ನಡುವಿಗೆ ಎರಡಾದ. ಆ ಗೊಂಬೆಗಳ ಗುಟ್ಟೇನು ಅಂದರೆ, ಹೊಟ್ಟೆಯೊಳಗೆ ಒಂದು ಕರಿ ರಬ್ಬರಿನ ಉಂಗುರ ಇರುತ್ತೆ. ಮೇಲಿನ ಅರ್ಧ, ಕೆಳಗಿನ ಅರ್ಧ ಎರಡನ್ನೂ ಎಳೆದು ಹಿಡಿದಿರೋದು ಅದೊಂದೇ. ರಬ್ಬರು ಒಣಗಿ ಹರಿದರೆ ಕಥೆ ಮುಗೀತು. ಅಳುತ್ತಾ ಅಪ್ಪನ ಸೈಕಲ್ ಶಾಪಿಗೆ ಓಡಿದೆ. ಅಪ್ಪ ಬೆನ್ನಿನ ಸ್ಕ್ರೂ ಬಿಚ್ಚಿದರು. ಹರಿದ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದರು. ಡ್ರಾಯರಿನಿಂದ ವಾಲ್‌ಟ್ಯೂಬಿನ ಒಂದು ತುಂಡು ತೆಗೆದು, ಸುತ್ತಿ, ಗಂಟು ಹಾಕಿ, ಕೊಕ್ಕೆಗೆ ಸಿಕ್ಕಿಸಿ ಮತ್ತೆ ಸ್ಕ್ರೂ ಬಿಗಿದರು. ಐದು ನಿಮಿಷದ ಕೆಲಸ. ಆಮೇಲೆ ಅವನ ಸೊಂಟ ಮೊದಲಿಗಿಂತ ಬಿಗಿಯಾಯ್ತು. ಬಗ್ಗಿಸಿದರೆ ಟಪ್ ಅಂತ ನೆಟ್ಟಗಾಗೋನು. ನನ್ನ ಗೆಳೆಯರ ಜೋಗಳೆಲ್ಲ ಎರಡು ತುಂಡಾಗಿ ತಿಪ್ಪೆ ಸೇರಿದ ಮೇಲೂ ನನ್ನವನು ನಿಂತಿದ್ದ. ಹೆಬ್ಬೆರಳು ಎರಡೂ ಮುರಿದಿದ್ದವು, ಅದು ಬೇರೆ ಮಾತು.

ಅಪ್ಪನ ಬಗ್ಗೆ ಇನ್ನೆರಡು ವಿಷಯ ಹೇಳಬೇಕು, ಮುಂದಕ್ಕೆ ಬೇಕಾಗುತ್ತೆ.

ಒಂದು, ಅವರು ಲೈನ್ ಹೊಡೀತಿದ್ದರು. ತಪ್ಪು ತಿಳೀಬೇಡಿ :) ಹಳೇ ಸೈಕಲ್ಲಿಗೆ ಹೊಸ ಬಣ್ಣ ಬಳಿದ ಮೇಲೆ ಮಡ್‌ಗಾರ್ಡಿನ ಉದ್ದಕ್ಕೂ, ಫ್ರೇಮಿನ ಮೇಲೆ ಸಣ್ಣ ಗೆರೆ ಎಳೀತಾರಲ್ಲ, ಅದು. ಉದ್ದ ಕೂದಲಿನ ತೆಳು ಬ್ರಷ್ಷು, ಎನಾಮಲ್ ಬಣ್ಣ. ಸ್ಕೇಲಿಲ್ಲ, ಟೇಪಿಲ್ಲ. ಉಸಿರು ಬಿಗಿ ಹಿಡಿದು ಒಂದೇ ಎಳೆತಕ್ಕೆ ಮಡ್‌ಗಾರ್ಡಿನ ಈ ತುದಿಯಿಂದ ಆ ತುದಿ. ಆಗ ಅವರನ್ನು ಯಾರೂ ಮಾತಾಡಿಸೋ ಹಾಗಿರಲಿಲ್ಲ. ಪಂಕ್ಚರಿಗೆ ಬಂದ ಗಿರಾಕಿಯೂ ಬಾಯಿ ಮುಚ್ಚಿಕೊಂಡು ನಿಲ್ಲೋನು.

ಎರಡು, ಅವರು ಇಂದ್ರಜಾಲ ಕಾಮಿಕ್ಸಿನ ಹುಚ್ಚರು. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಆ ಪುಸ್ತಕಗಳು ಕನ್ನಡದಲ್ಲೂ ಬರ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂಗಡಿಯ ಮೂಲೆಯಲ್ಲಿ, ಗ್ರೀಸಿನ ಡಬ್ಬಿ ಪಕ್ಕ ಒಂದು ಕಟ್ಟು. ಅದರಲ್ಲೂ ಫ್ಯಾಂಟಮ್ ಅಂದರೆ ಪ್ರಾಣ. ಲೀ ಫಾಕ್ 1936ರಲ್ಲಿ ಹುಟ್ಟಿಸಿದವನು, ಸೂಪರ್‌ಮ್ಯಾನ್‌ಗಿಂತ ಎರಡು ವರ್ಷಕ್ಕೆ ಹಿರಿಯ. ಹಾರಲ್ಲ, ಗುಂಡು ತಾಗಿದರೆ ರಕ್ತ ಬರುತ್ತೆ. ಅವನು ಸಾಯೋದೇ ಇಲ್ಲ ಅಂತ ಕಾಡಿನ ಜನ ನಂಬಿರ್ತಾರೆ. ನಿಜ ಏನಂದರೆ ಅಪ್ಪ ಸತ್ತ ಮೇಲೆ ಮಗ ಅದೇ ಮುಖವಾಡ, ಅದೇ ಬಟ್ಟೆ ಹಾಕ್ಕೊಂಡು ನಿಲ್ತಾನೆ. ನಾವು ಓದಿದವನು ಇಪ್ಪತ್ತೊಂದನೆಯವನು.

ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಒಂದು ವರ್ಷ ಕೋಡು ಬರೆದು, 2004ರಲ್ಲಿ ಅಮೆರಿಕಕ್ಕೆ ಹಾರಿದೆ. ಹೋಗಿ ಬಿದ್ದಿದ್ದು ಒಹಾಯೋದ ಸಿನ್ಸಿನಾಟಿಗೆ. ಗೊಂಬೆಗಳ ಲೆಕ್ಕದಲ್ಲಿ ಅದು ಪುಣ್ಯಕ್ಷೇತ್ರ ಅಂತ ಆಮೇಲೆ ಗೊತ್ತಾಯ್ತು. ಕೆನ್ನರ್ ಕಂಪನಿ ಇದ್ದದ್ದು ಆ ಊರಲ್ಲೇ. 1977ರಲ್ಲಿ ಸ್ಟಾರ್ ವಾರ್ಸ್ ಸಿನಿಮಾ ಎದ್ದುಬಿಟ್ಟಾಗ ಇವರ ಗೊಂಬೆಗಳು ತಯಾರಾಗಿರಲಿಲ್ಲ. ಏನು ಮಾಡಿದರು ಗೊತ್ತಾ? ಆ ಕ್ರಿಸ್ಮಸ್ಸಿಗೆ ಗೊಂಬೆಯೇ ಇಲ್ಲದ ರಟ್ಟಿನ ಪೊಟ್ಟಣ ಮಾರಿದರು! ಒಳಗೆ ಒಂದು ಚೀಟಿ. ಅದನ್ನು ಪೋಸ್ಟ್ ಮಾಡಿದರೆ ಮುಂದಿನ ವರ್ಷ ಗೊಂಬೆ ಮನೆಗೆ ಬರುತ್ತೆ. 1984ರಲ್ಲಿ ಇವರೇ ಸೂಪರ್ ಪವರ್ಸ್ ಅಂತ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಬಳಗವನ್ನು ತಂದರು. ಸೂಪರ್‌ಮ್ಯಾನಿನ ಕಾಲುಗಳನ್ನು ಒತ್ತಿ ಹಿಡಿದರೆ ಕೈ ಗುದ್ದುತ್ತೆ. ನಾನು ಹೋಗೋ ಹೊತ್ತಿಗೆ ಕೆನ್ನರ್ ಇರಲಿಲ್ಲ. ಹ್ಯಾಸ್‌ಬ್ರೋ 1991ರಲ್ಲಿ ಕೊಂಡುಕೊಂಡು, 2000ದಲ್ಲಿ ಅಲ್ಲಿನ ಆಫೀಸು ಮುಚ್ಚಿತ್ತು. ಆದರೆ ಊರಿನ ಸಂತೆಗಳಲ್ಲಿ, ಗ್ಯಾರೇಜ್ ಸೇಲ್‌ಗಳಲ್ಲಿ ಗೊಂಬೆಗಳು ಸಿಗ್ತಾನೇ ಇದ್ದವು.

ನಾನು ಬಿದ್ದಿದ್ದು ಮಾರ್ವೆಲ್ ಲೆಜೆಂಡ್ಸ್ ಹಿಂದೆ. ಟಾಯ್ ಬಿಜ್ 2002ರಲ್ಲಿ ಶುರು ಮಾಡಿದ ಆರಿಂಚಿನ ಸಾಲು. ಹಳೇ ಗೊಂಬೆಗಳಿಗೆ ಕುತ್ತಿಗೆ, ಭುಜ, ಸೊಂಟ ತಿರುಗಿದರೆ ಹೆಚ್ಚು. ಇವಕ್ಕೆ ಮೂವತ್ತರ ಮೇಲೆ ಕೀಲುಗಳು. ಕೆಲವಕ್ಕೆ ಬೆರಳೂ ಮಡಚುತ್ತೆ. ಏಳೆಂಟು ಡಾಲರ್ ಕೊಟ್ಟರೆ ಗೊಂಬೆ, ಜೊತೆಗೆ ಒಂದು ಕಾಮಿಕ್ಸು. 2005ರಲ್ಲಿ ಇನ್ನೊಂದು ಆಟ ಶುರು ಮಾಡಿದರು. ಒಂದೊಂದು ಪ್ಯಾಕೆಟ್ಟಿನಲ್ಲಿ ಗಲಾಕ್ಟಸ್ ಅನ್ನೋ ದೈತ್ಯನ ಒಂದೊಂದು ಅಂಗ. ಒಂದರಲ್ಲಿ ಕೈ, ಒಂದರಲ್ಲಿ ಕಾಲು. ಇಡೀ ಸಾಲು ಕೊಂಡರೆ ಮಾತ್ರ ದೈತ್ಯ ಪೂರ್ತಿ. ಮದುವೆ ಆಗದ, ಕೈಯಲ್ಲಿ ಮೊದಲ ಸಲ ದುಡ್ಡು ನೋಡ್ತಿರೋ ಹುಡುಗನಿಗೆ ಇದಕ್ಕಿಂತ ದೊಡ್ಡ ಬಲೆ ಬೇಕಾ?

ತಮಾಷೆ ಅಂದರೆ ದೈತ್ಯನನ್ನು ನಾನು ಕೂಡಿಸಲೇ ಇಲ್ಲ. ಕೂಡಿಸಬೇಕಾದರೆ ಪ್ಯಾಕೆಟ್ ಒಡೀಬೇಕಲ್ಲ! ಸಂಗ್ರಹಕಾರರಲ್ಲಿ ಒಂದು ಜಾತಿಪದ್ಧತಿ ಇದೆ. ಪ್ಯಾಕೆಟ್ ಒಡೆಯದ, ರಟ್ಟಿನ ಮೂಲೆ ಮಡಚದ ಗೊಂಬೆಗೆ ಮೇಲಿನ ಪೀಠ. ಅದನ್ನು ಮಿಂಟ್ ಅಂತಾರೆ. ಒಡೆದದ್ದು ಲೂಸ್, ಅದರ ಬೆಲೆ ಆ ಕ್ಷಣಕ್ಕೇ ಬೀಳುತ್ತೆ. ನಾನು ಮಿಂಟ್ ಪಂಗಡ ಸೇರಿದೆ. ಬೆಡ್‌ರೂಮಿನ ಒಂದು ಗೋಡೆ ಪೂರ್ತಿ ಪ್ಯಾಕೆಟ್ಟುಗಳು. ಬಿಸಿಲು ಬಿದ್ದು ಬಣ್ಣ ಮಾಸುತ್ತೆ ಅಂತ ಕಿಟಕಿ ಪರದೆ ಯಾವತ್ತೂ ಮುಚ್ಚಿರೋದು. 2008ರ ಹೊತ್ತಿಗೆ ನನ್ನ ಹತ್ತಿರ ನೂರ ನಲವತ್ತಕ್ಕಿಂತ ಹೆಚ್ಚು ಗೊಂಬೆಗಳಿದ್ದವು. ಅವುಗಳಲ್ಲಿ ಒಂದನ್ನೂ ನಾನು ಕೈಯಲ್ಲಿ ಹಿಡಿದಿರಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಮನೆಗೆ ಫೋನ್ ಮಾಡಿದಾಗ ಅಪ್ಪ "ಅದೇನೋ ಗೊಂಬೆ ಮಡಗಿಕೊಂಡಿದ್ದೀಯಂತೆ, ನಮ್ಮ ಫ್ಯಾಂಟಮ್ ಸಿಗಲ್ವಾ ಅಲ್ಲಿ?" ಅಂದರು. ಹುಡುಕಿದೆ. ನನಗೆ ಬೇಕಾದ ಅಳತೆಯಲ್ಲಿ ಸಿಗಲಿಲ್ಲ. ಆಗ ಹೊಳೀತು, ಮಾಡೋಣ ಅಂತ.

ಈ ಕಸ್ಟಮ್ ಮಾಡೋದು ಅಲ್ಲಿ ದೊಡ್ಡ ವಿದ್ಯೆ. ಕಂಪನಿ ಮಾಡದ ಪಾತ್ರವನ್ನು ಬೇರೆ ಗೊಂಬೆಗಳ ತಲೆ, ಕೈ, ಮುಂಡ ಜೋಡಿಸಿ ಮಾಡಿಕೊಳ್ಳೋದು. ಹಾಗೆ ಬಲಿಯಾಗೋ ಗೊಂಬೆಗಳಿಗೆ ಅವರಿಟ್ಟಿರೋ ಹೆಸರು ಫಾಡರ್, ಅಂದರೆ ಮೇವು. ಕಂಪನಿಗಳೂ ಒಳಗೊಳಗೆ ಇದನ್ನೇ ಮಾಡಿದವು ಅನ್ನಿ. 1972ರಲ್ಲಿ ಮೀಗೋ ಕಂಪನಿ ಸೂಪರ್‌ಹೀರೋಗಳ ಸಾಲು ತಂದಾಗ ಮುಂಡ ಬಹುಮಟ್ಟಿಗೆ ಒಂದೇ, ಬದಲಾಗ್ತಿದ್ದದ್ದು ತಲೆ ಮತ್ತು ಬಟ್ಟೆ.

ನನ್ನ ಫ್ಯಾಂಟಮ್ಮಿಗೆ ಮೇವು ಆದವನು ಡೇರ್‌ಡೆವಿಲ್. ತಲೆ ಮುಚ್ಚುವ ಮುಸುಕು, ಕೆಳಗಿನ ಅರ್ಧ ಮುಖ ಮಾತ್ರ ಬಯಲು, ಮೈಗಂಟಿದ ಬಟ್ಟೆ. ಎರಡು ಪುಟ್ಟ ಕೊಂಬು ಕತ್ತರಿಸಿದರೆ ಮುಗೀತು, ಇಪ್ಪತ್ತೊಂದನೆಯ ಫ್ಯಾಂಟಮ್! ನನ್ನ ಹತ್ತಿರ ಎರಡು ಡೇರ್‌ಡೆವಿಲ್ ಇದ್ದವು. ಒಂದು ಶನಿವಾರ ರಾತ್ರಿ ಪ್ಯಾಕೆಟ್ಟಿಗೆ ಬ್ಲೇಡ್ ಹಾಕಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ಒಳಗಿನಿಂದ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು ನೋಡಿ, 1991ರ ಅದೇ ವಾಸನೆ... ಅರ್ಧ ಗಂಟೆ ಅವನ ಕೈಕಾಲು ಬಗ್ಗಿಸುತ್ತಾ ಸುಮ್ಮನೆ ಕೂತಿದ್ದೆ.

ಕೆಲಸ ಹೇಗೆ ಅಂತ ಸ್ವಲ್ಪ ಹೇಳ್ತೀನಿ, ಯಾರಿಗಾದರೂ ಮಾಡೋ ಮನಸ್ಸಾದರೆ ಅನುಕೂಲ. ಈ ಗೊಂಬೆಗಳಲ್ಲಿ ಎರಡು ತರದ ಪ್ಲಾಸ್ಟಿಕ್ಕು ಇರುತ್ತೆ. ಕೀಲು, ತೊಡೆಯಂಥ ಕಡೆ ಗಟ್ಟಿ ಎಬಿಎಸ್, ತಲೆ, ಕೈಬೆರಳಿನಂಥ ಕಡೆ ಮೆತ್ತನೆ ಪಿವಿಸಿ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಪಿವಿಸಿ ಮೆತ್ತಗಾಗಿ ತಲೆ ಸಲೀಸಾಗಿ ಕಳಚಿ ಬರುತ್ತೆ. ತಣ್ಣಗಿರುವಾಗ ಎಳೆದರೆ ಕುತ್ತಿಗೆಯ ಗೂಟ ಮುರಿಯುತ್ತೆ. ಪಾತ್ರೆ ತೊಳೆಯೋ ಸೋಪಿನಲ್ಲಿ ಮೈ ತೊಳೀಬೇಕು, ಅಚ್ಚಿನ ಎಣ್ಣೆ ಇದ್ದರೆ ಬಣ್ಣ ಹಿಡಿಯಲ್ಲ. ಕೀಲಿನ ಒಳಗಡೆ ಎಮರಿ ಪೇಪರಿನಿಂದ ಕೂದಲೆಳೆಯಷ್ಟು ತೇಯಬೇಕು. ಇಲ್ಲಾಂದರೆ ಮೊಣಕೈ ಮಡಚಿದಾಗೆಲ್ಲ ಉಜ್ಜಿ ಉಜ್ಜಿ ಬಣ್ಣ ಕೀಳುತ್ತೆ.

ಹೊಸ ಅಂಗ ಕಟ್ಟೋಕೆ ಎರಡು ಡಬ್ಬಿಯ ಎಪಾಕ್ಸಿ ಪುಟ್ಟಿ. ಸಮಸಮ ಕಲಸಿದರೆ ಒಂದೆರಡು ಗಂಟೆ ಚಪಾತಿ ಹಿಟ್ಟಿನ ಹದ, ಮಾರನೇ ದಿನಕ್ಕೆ ಕಲ್ಲು. ನಮ್ಮ ಎಂ-ಸೀಲ್‌ನ ದೊಡ್ಡಣ್ಣ ಅನ್ನಿ. ಅದರಲ್ಲಿ ಬೆಲ್ಟು, ಎರಡು ಪಿಸ್ತೂಲಿನ ಚೀಲ ಮಾಡಿದೆ. ಡೇರ್‌ಡೆವಿಲ್ಲನ ಎದೆಯ ಮೇಲಿನ ಎರಡು 'ಡಿ' ಅಕ್ಷರ ತೇಯ್ದು ಹಾಕಿದೆ. ಕಣ್ಣು ಬರೆಯೋದು ಎಲ್ಲಕ್ಕಿಂತ ಕಷ್ಟ ಅಂತಾರೆ, ಪಾಪೆ ಮೇಲಿನ ರೆಪ್ಪೆಗೆ ತಾಗದಿದ್ದರೆ ಗೊಂಬೆ ಗಾಬರಿ ಬಿದ್ದ ಹಾಗೆ ಕಾಣುತ್ತೆ. ನನ್ನ ಅದೃಷ್ಟಕ್ಕೆ ಫ್ಯಾಂಟಮ್ಮನ ಮುಖವಾಡದಲ್ಲಿ ಪಾಪೆಯೇ ಕಾಣಲ್ಲ, ಬರೀ ಬಿಳಿ :)

ಬಣ್ಣದ್ದೇ ಒಂದು ಪ್ರಶ್ನೆ. ಫ್ಯಾಂಟಮ್ ಅಮೆರಿಕದಲ್ಲಿ ನೇರಳೆ, ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ನಾನು ನೇರಳೆ ಹಿಡಿದೆ. ನೀರಿನಲ್ಲಿ ಕರಗೋ ಅಕ್ರಿಲಿಕ್ ಬಣ್ಣ, ತೆಳ್ಳಗೆ ಆರು ಪದರ. ಒಳಗಿನ ಪ್ಲಾಸ್ಟಿಕ್ಕು ಡೇರ್‌ಡೆವಿಲ್ಲನ ಕೆಂಪು. ಮೊಣಕಾಲು ಮಡಚಿದರೆ ಇವತ್ತೂ ಸಂದಿಯಲ್ಲಿ ಕೆಂಪು ಇಣುಕುತ್ತೆ.

ಎಲ್ಲ ಆಯ್ತು, ಚಡ್ಡಿ ಮಾತ್ರ ಆಗಲಿಲ್ಲ. ಓರೆ ಪಟ್ಟೆಯ ಚಡ್ಡಿ ಅಲ್ವಾ ಅವನದ್ದು. ಬೆರಳುಗುರಿನಷ್ಟು ಜಾಗದಲ್ಲಿ, ಉಬ್ಬುತಗ್ಗಿನ ಮೇಲೆ ಓರೆ ಗೆರೆ. ಟೇಪು ಅಂಟಿಸಿ ನೋಡಿದೆ, ಅಡಿಯಿಂದ ಬಣ್ಣ ನುಸುಳಿತು. ಮೂರು ಸಲ ಅಳಿಸಿ ಬರೆದೆ. ಕೊನೆಗೆ ಏನು ಬಂತೋ ಅದೇ ಇರಲಿ ಅಂತ ಬಿಟ್ಟೆ. ಜೀಬ್ರಾಗೆ ಜ್ವರ ಬಂದ ಹಾಗಿತ್ತು.

ಊರಿಗೆ ಹೋಗುವಾಗ ಕೊಡೋಣ ಅಂತ ಎತ್ತಿಟ್ಟೆ. ಊರಿಗೆ ಹೋಗೋ ಕಾಲ ಅಂದುಕೊಂಡಿದ್ದಕ್ಕಿಂತ ಬೇಗ ಬಂತು.

2009ರ ಫೆಬ್ರವರಿಯಲ್ಲಿ ಒಂದು ಮಂಗಳವಾರ ನಮ್ಮ ತಂಡದ ಹನ್ನೊಂದು ಜನರನ್ನು ಒಂದು ರೂಮಿಗೆ ಕರೆದರು. ಆ ವರ್ಷ ಎಷ್ಟು ಜನರಿಗೆ ಹೀಗಾಯ್ತು ಅಂತ ನಿಮಗೆ ಗೊತ್ತು, ನಿಮ್ಮಲ್ಲೇ ಕೆಲವರು ಇದ್ದೀರಿ. ಎಚ್1ಬಿ ವೀಸಾದವರಿಗೆ ಕೆಲಸ ಹೋದರೆ ಈಗ ಅರವತ್ತು ದಿನದ ಗಡುವಾದರೂ ಸಿಗುತ್ತೆ, ಅದು ಬಂದದ್ದು 2017ರಲ್ಲಿ. ಆಗ ಅದೂ ಇಲ್ಲ. ಪುಣ್ಯಕ್ಕೆ ಮೂರು ವಾರ ಹೆಚ್ಚಿಗೆ ಸಂಬಳಪಟ್ಟಿಯಲ್ಲಿ ಇಟ್ಟರು. ಮೂರು ವಾರದಲ್ಲಿ ಮನೆ, ಕಾರು, ಸೋಫಾ, ಅಕ್ಕಿ ಡಬ್ಬಿ ಎಲ್ಲ ಖಾಲಿ ಮಾಡಬೇಕು. ಮನೆಯಲ್ಲಿ ಏನೂ ಹೇಳಲಿಲ್ಲ. ರಜಕ್ಕೆ ಬರ್ತಿದ್ದೀನಿ ಅಂದೆ.

ಗೊಂಬೆಗಳ ಗೋಡೆ ನೋಡೋಕೆ ಒಬ್ಬ ವ್ಯಾಪಾರಿ ಬಂದ. ಅರವತ್ತರ ಹತ್ತಿರದವನು, ಮಾತು ಕಡಿಮೆ. ಬಂದವನೇ ಟಾರ್ಚ್ ತೆಗೆದು ಒಂದೊಂದು ಪ್ಯಾಕೆಟ್ಟಿನ ಮೂಲೆ ನೋಡಿದ. ಗೊಂಬೆಯ ಮುಖ ನೋಡಿದ್ದು ನನಗೆ ಕಾಣಲಿಲ್ಲ. ರಟ್ಟಿನ ಮೂಲೆ, ಪ್ಲಾಸ್ಟಿಕ್ ಗುಳ್ಳೆಯ ಅಂಚು, ಅಷ್ಟೇ. ತಪ್ಪು ಅವನದ್ದಲ್ಲ ಬಿಡಿ, ನಾನು ನಾಲ್ಕು ವರ್ಷ ನೋಡಿದ್ದೂ ಅದನ್ನೇ. ಎಲ್ಲ ಸೇರಿ ಒಂಬೈನೂರು ಡಾಲರ್ ಅಂದ. ನಾನು ಹಾಕಿದ್ದಕ್ಕಿಂತ ಕಡಿಮೆ. ಮಿಂಟ್ ಇಟ್ಟರೆ ಬೆಲೆ ಏರುತ್ತೆ ಅನ್ನೋದು ನಿಜವೇ, ಆದರೆ ಕಾಯೋಕೆ ಆಗೋನಿಗೆ ಮಾತ್ರ. ಒಪ್ಪಿಕೊಂಡೆ.

ಹೊರಡುವಾಗ ಮೇಜಿನ ಮೇಲಿದ್ದ ಫ್ಯಾಂಟಮ್ಮನನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. ಅವನಿಗೆ ಕೂಡಲೇ ಗೊತ್ತಾಯ್ತು. "ಒಳ್ಳೇ ಡೇರ್‌ಡೆವಿಲ್ ಒಂದನ್ನು ಹಾಳು ಮಾಡಿದ್ದೀಯ" ಅಂದ. ಕೋಪ ಇರಲಿಲ್ಲ ಆ ಮಾತಿನಲ್ಲಿ, ಮರುಕ ಇತ್ತು. "ಇದಕ್ಕೆ ಬೆಲೆ ಇಲ್ಲ" ಅಂತ ವಾಪಸ್ ಇಟ್ಟ.

ಸಂಜೆ ಖಾಲಿ ಗೋಡೆ ಎದುರು ಕೂತೆ. ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ನೂರ ನಲವತ್ತು ಗೊಂಬೆಗಳಲ್ಲಿ ಒಂದರ ತೂಕವೂ ನನ್ನ ಕೈಗೆ ಗೊತ್ತಿರಲಿಲ್ಲ. ಏನನ್ನು ಕಳೆದುಕೊಂಡೆ ಅಂತ ಕೈಗೆ ತಿಳಿಯೋದಾದರೂ ಹೇಗೆ? ಪರದೆ ಸರಿಸಿದೆ. ನಾಲ್ಕು ವರ್ಷದ ಮೇಲೆ ಆ ಕೋಣೆಗೆ ಬಿಸಿಲು ಬಂತು. ಫ್ಯಾಂಟಮ್ಮನನ್ನು ಕಾಲುಚೀಲದಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದೆ.

ತಿಪಟೂರಿಗೆ ಬಂದ ಮಾರನೇ ದಿನ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೊಗಳ್ತಾರೆ ಅಂತ ಕಾಯ್ತಾ ಇದ್ದೆ.

"ಬುರುಡೆ ಉಂಗುರ ಎಡಗೈಗೆ ಹಾಕಿದ್ದೀಯಲ್ಲೋ. ಅದು ಬಲಗೈಗೆ. ಎಡಗೈದು ಒಳ್ಳೇ ಗುರುತಿನ ಉಂಗುರ."

ಹೌದಲ್ವಾ! ಬುರುಡೆಯ ಗುರುತು ಕೆಟ್ಟವರ ದವಡೆಗೆ, ಬಲಗೈಯಿಂದ. ರಕ್ಷಣೆಯ ಗುರುತು ಎಡಗೈಯಿಂದ. ನನಗೆ ಮರೆತೇಹೋಗಿತ್ತು.

"ಮತ್ತೆ ಈ ಚಡ್ಡಿ ಯಾರು ಹೊಲಿದಿದ್ದು?" ಅಂತ ಸೀದಾ ಅಂಗಡಿಗೆ ನಡೆದರು. ನಾನು ಹಿಂದೆ.

ಮೊದಲು ನನ್ನ ಪಟ್ಟೆಗಳನ್ನೆಲ್ಲ ಸಣ್ಣ ಎಮರಿಯಿಂದ ಕೆರೆದರು, ಒಳಗಿನ ಕೆಂಪು ಪ್ಲಾಸ್ಟಿಕ್ಕು ಕಾಣೋವರೆಗೆ. ಹಳೇ ಬಣ್ಣದ ಮೇಲೆ ಹೊಸ ಬಣ್ಣ ನಿಲ್ಲಲ್ಲ ಅನ್ನೋದು ಅವರ ಸಿದ್ಧಾಂತ. ಆಮೇಲೆ ಕಪಾಟಿನಿಂದ ಎನಾಮಲ್ ಡಬ್ಬಿಗಳನ್ನು ತೆಗೆದರು. ಸೈಕಲ್ಲಿನ ನೀಲಿ, ಸೈಕಲ್ಲಿನ ಕಪ್ಪು.

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಪಿವಿಸಿಯನ್ನು ಮೆತ್ತಗಿಡೋಕೆ ಪ್ಲಾಸ್ಟಿಸೈಸರ್ ಅಂತ ಒಂದು ಎಣ್ಣೆಯಂಥದ್ದು ಸೇರಿಸಿರ್ತಾರೆ. ಅದು ಮೆಲ್ಲಗೆ ಮೇಲಕ್ಕೆ ಜಿನುಗುತ್ತಾ ಇರುತ್ತೆ. ತಗಡಿನ ಮೇಲೆ ಒಂದು ದಿನಕ್ಕೆ ಒಣಗೋ ಎನಾಮಲ್ಲು ಮೆತ್ತನೆ ಪಿವಿಸಿ ಮೇಲೆ ಬಿದ್ದರೆ ಈ ಎಣ್ಣೆ ಕುಡಿದು ಗಟ್ಟಿಯಾಗಲ್ಲ. ವರ್ಷಗಟ್ಟಲೆ ಜಿಗುಟು ಜಿಗುಟು. ಕಸ್ಟಮ್ ಮಾಡೋರು ಹೊಸಬರಿಗೆ ಹೇಳಿಕೊಡೋ ಮೊದಲ ಪಾಠಗಳಲ್ಲಿ ಇದೂ ಒಂದು. ಫ್ಯಾಂಟಮ್ಮನ ಸೊಂಟದ ಭಾಗ ಪೂರ್ತಿ ಮೆತ್ತನೆಯದು.

ಅಪ್ಪ ನೀಲಿ ಬಳಿದಾಗಿತ್ತು. ಮಧ್ಯಾಹ್ನದವರೆಗೆ ಬಿಟ್ಟು ಬ್ರಷ್ ಹಿಡಿದರು. ಅರವತ್ತೇಳು ವರ್ಷದ ಕೈ. ಗೊಂಬೆಯನ್ನು ಎಡಗೈಯಲ್ಲಿ ಹಿಡಿದು, ಮೊಣಕೈ ಮೇಜಿಗೆ ಊರಿ, ಉಸಿರು ಹಿಡಿದರು. ನಾನೂ ಹಿಡಿದೆ. ಮೊದಲ ಗೆರೆ. ಎರಡನೆಯದು. ಮೂರನೆಯದಕ್ಕೆ ಮುಂಚೆ, ತಲೆ ಎತ್ತದೆ, "ರಜ ಎಷ್ಟು ದಿನ?" ಅಂದರು. ಬ್ರಷ್ಷಿನ ತುದಿ ಗೊಂಬೆಗೆ ತಾಗಿತು. ಅವರು ಉಸಿರು ಬಿಗಿ ಹಿಡಿದಿದ್ದಾಗ, ಯಾರೂ ಮಾತಾಡಬಾರದ ಆ ಹೊತ್ತಿನಲ್ಲಿ ನಾನು ಹೇಳಿದೆ:

"ಕೆಲಸ ಹೋಯ್ತಪ್ಪಾ."

ಗೆರೆ ಅಲುಗಲಿಲ್ಲ. ತುದಿ ಮುಟ್ಟಿದ ಮೇಲೇ ಬ್ರಷ್ ಎತ್ತಿದ್ದು, ಉಸಿರು ಬಿಟ್ಟಿದ್ದು.

"ಗೊತ್ತಾಯ್ತು. ನಾಲ್ಕು ಸೂಟ್‌ಕೇಸು ತಗೊಂಡು ಯಾರೂ ರಜಕ್ಕೆ ಬರಲ್ಲ."

ಅಷ್ಟೇ. ಮುಂದಿನ ಗೆರೆಗೆ ಬ್ರಷ್ ಅದ್ದಿದರು. ಬುದ್ಧಿ ಹೇಳಲಿಲ್ಲ, ಸಮಾಧಾನ ಮಾಡಲಿಲ್ಲ. ಹನ್ನೆರಡು ಗೆರೆ ಮುಗಿಸಿ, ಅದೇ ಬ್ರಷ್ಷಿನ ತುದಿಯಿಂದ ಬಲಗೈ ಬೆರಳ ಮೇಲೆ ಒಂದು ಕಪ್ಪು ಚುಕ್ಕೆ ಇಟ್ಟರು. ಬುರುಡೆ ಉಂಗುರ. "ಒಣಗಲಿ, ಮುಟ್ಟಬೇಡ" ಅಂತ ಕಿಟಕಿಯಲ್ಲಿ ನಿಲ್ಲಿಸಿದರು. ಒಣಗಲ್ಲ ಅಂತ ನಾನು ಹೇಳಲಿಲ್ಲ.

ಅವರು ಒಂದು ವಾರ ದಿನಾ ಬೆಳಗ್ಗೆ ಬೆರಳಿಟ್ಟು ನೋಡಿದರು. "ಹವಾ ಸರಿಯಿಲ್ಲ" ಅಂದರು. "ಈಗಿನ ಬಣ್ಣ ಸರಿಯಿಲ್ಲ" ಅಂದರು. ಆಮೇಲೆ ಬಿಟ್ಟರು. ಆ ಅಕ್ಟೋಬರಿನಲ್ಲಿ ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಅದಕ್ಕೆ ತಿಂಗಳ ಹಿಂದ ನವರಾತ್ರಿಯಲ್ಲಿ ಅಮ್ಮ ಫ್ಯಾಂಟಮ್ಮನನ್ನು ಮೂರನೇ ಮೆಟ್ಟಿಲ ಮೇಲೆ, ಪೊಲೀಸ್ ಬ್ಯಾಂಡಿನ ಪಕ್ಕ ನಿಲ್ಲಿಸಿದರು. ಅವತ್ತಿನಿಂದ ಅದೇ ಅವನ ಜಾಗ.

ಅಪ್ಪ 2017ರಲ್ಲಿ ಹೋದರು.

ನಾನು ಮತ್ತೆ ಸಂಗ್ರಹ ಮಾಡಲಿಲ್ಲ. ಗೊಂಬೆ ಮಾಡ್ತೀನಿ, ವರ್ಷಕ್ಕೆ ಎರಡೋ ಮೂರೋ. ಈಗ ತಲೆಗಳನ್ನು ರೆಸಿನ್ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳೋ ಕಾಲ, ಕೆತ್ತೋ ಕಷ್ಟ ಬಹಳ ಕಡಿಮೆಯಾಗಿದೆ. ಮಾಡಿದ್ದನ್ನು ಮಗಳಿಗೆ ಕೊಡ್ತೀನಿ. ಅವಳು ಮುರೀತಾಳೆ. ಸರಿ ಮಾಡ್ತೀನಿ. ಅಮ್ಮನ ಟ್ರಂಕು ನೋಡಿದಾಗೆಲ್ಲ ಅನ್ನಿಸುತ್ತೆ, ಅದೂ ಸಂಗ್ರಹವೇ ಅಲ್ವಾ, ಮೂರು ತಲೆಮಾರಿನದ್ದು. ಆದರೆ ಪ್ರತಿ ವರ್ಷ ಪೇಪರು ಬಿಚ್ಚಿ, ಧೂಳು ಒರೆಸಿ, ಮುಟ್ಟಿ, ಮೂರು ಕಾಲಿನ ಕುದುರೆಗೆ ಇಟ್ಟಿಗೆ ಚೂರು ಒತ್ತು ಕೊಟ್ಟು ನಿಲ್ಲಿಸ್ತಾರೆ. ಯಾರೂ ಟಾರ್ಚ್ ಹಿಡಿದು ಮೂಲೆ ನೋಡಲ್ಲ.

ಮೊನ್ನೆ ಅಂಟಿದ ಪೇಪರನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಬಿಡಿಸಿದೆ. ಪೂರ್ತಿ ಬರಲಿಲ್ಲ. ನೀಲಿ ಪಟ್ಟೆಯ ಮೇಲೆ ಪೇಪರಿನ ಎರಡು ಅಕ್ಷರ ತಿರುಗುಮುರುಗಾಗಿ ಅಚ್ಚಾಗಿಬಿಟ್ಟಿವೆ. ಸರಿ ಮಾಡೋಕೆ ದಾರಿ ಇದೆ. ಎನಾಮಲ್ ಪೂರ್ತಿ ಕೆರೆದು, ಪ್ರೈಮರ್ ಹಚ್ಚಿ, ಅಕ್ರಿಲಿಕ್ಕಿನಲ್ಲಿ ಬರೆದರೆ ಒಂದು ಗಂಟೆಯಲ್ಲಿ ಒಣಗಿ ಕಲ್ಲಾಗುತ್ತೆ. ಈಗ ನನ್ನ ಕೈಯೂ ಪಳಗಿದೆ, ಗೆರೆ ಓರೆಯಾಗಲ್ಲ.

"ಸರಿ ಮಾಡ್ತೀಯಾ?" ಅಂತ ಮಗಳು ಕೇಳಿದಳು.

"ಇಲ್ಲ" ಅಂದೆ.

"ಯಾಕೆ?"

ಉತ್ತರ ಹೊಳೀಲಿಲ್ಲ. ಅವಳ ಬೆರಳು ಹಿಡಿದು ಮೂರನೇ ಗೆರೆಯ ಮೇಲೆ ಇಟ್ಟೆ. ಅಂಟಿತು. ನಕ್ಕಳು. ಆಮೇಲೆ ಅವಳೇ ಅವನನ್ನು ಮೂರನೇ ಮೆಟ್ಟಿಲ ಮೇಲೆ ನಿಲ್ಲಿಸಿದಳು.

ಈ ಸಲ ವಾಪಸ್ ಕಟ್ಟುವಾಗ ಅವನ ಸೊಂಟಕ್ಕೆ ಪೇಪರಿನ ಬದಲು ಅಪ್ಪನ ಹಳೇ ಪಂಚೆಯ ಚೂರು ಸುತ್ತಿ ಅಂದಿದ್ದೇನೆ ಅಮ್ಮನಿಗೆ. ಅದೂ ಅಂಟಬಹುದು. ಮುಂದಿನ ದಸರಾಕ್ಕೆ ನೋಡಬೇಕು.

ನಿಮ್ಮ ಅಟ್ಟದ ಮೇಲೂ ಇಂಥದ್ದೇನಾದರೂ ಇದ್ದರೆ ಬರೀರಿ, ಓದ್ತೀನಿ :)